ಕಂಸದೊಳಗೆ 2147483647: ಕ್ಯಾಸಿಯೋ ಎಫ್‌ಎಕ್ಸ್-991ಇಎಕ್ಸ್ ಹೇಗಿದೆ?

ಧಾರವಾಡದ ಸುಭಾಸ ರಸ್ತೆಯಲ್ಲಾಗಲಿ ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯಲ್ಲಾಗಲಿ ಬರೀ ‘991 ಕ್ಯಾಲ್ಕುಲೇಟರ್ ಕೊಡ್ರಿ’ ಅಂದರೆ ಎಫ್‌ಎಕ್ಸ್-991ಎಂಎಸ್ ಎಂಬ ಬೇರೆ ಮಾದರಿ ಕೈಗೆ ಬಂದೀತು. ಅದರಲ್ಲಿ ಟೇಬಲ್, ಅಂದರೆ x ಬದಲಿಸುತ್ತ ಫಲನದ ಬೆಲೆಗಳನ್ನು ಸಾಲಾಗಿ ಪಟ್ಟಿ ಮಾಡುವ ಸೌಲಭ್ಯ, ಇಲ್ಲ. ಸಂಖ್ಯಾಸಿದ್ಧಾಂತ ಓದುವವರಿಗೆ ಬೇಕಾದದ್ದು ಇಎಕ್ಸ್. ರೊಕ್ಕ ಕೊಡುವ ಮುಂಚೆ ಅಂಗಡಿಯಲ್ಲೇ 8388607 ಒತ್ತಿ, =, ಆಮೇಲೆ ಶಿಫ್ಟ್ ಮತ್ತು ಡಿಗ್ರಿ-ನಿಮಿಷ-ಸೆಕೆಂಡಿನ ಬಟನ್. 47×178481 ಎಂದು ಬರಬೇಕು. ಇದೇ ಫ್ಯಾಕ್ಟ್, ಸಂಖ್ಯೆಯನ್ನು ಅವಿಭಾಜ್ಯಗಳ ಗುಣಲಬ್ಧವಾಗಿ ಒಡೆಯುವ ಸೌಲಭ್ಯ.

ಇನ್ನು 2ರ 29ನೇ ಘಾತದಿಂದ 1 ಕಳೆದು, ಅಂದರೆ 536870911ಕ್ಕೆ, ಫ್ಯಾಕ್ಟ್ ಒತ್ತಿ. 233×(2304167) ಎನ್ನುತ್ತದೆ. 31ನೇ ಘಾತದಿಂದ 1 ಕಳೆದರೆ ಬರುವ 2147483647ಕ್ಕೆ ಒತ್ತಿದರೆ ಇಡೀ ಸಂಖ್ಯೆಯೇ ಕಂಸದಲ್ಲಿ. ಮೊದಲ ಕಂಸದಲ್ಲಿರುವ 2304167 ಎಂದರೆ 1103×2089, ಒಡೆಯುವ ಸಂಖ್ಯೆ. ಎರಡನೆಯದು ಅಪ್ಪಟ ಅವಿಭಾಜ್ಯ. ಆಯ್ಲರ್ 1772ರಲ್ಲೇ ಸಾಧಿಸಿದ್ದು. ಯಂತ್ರಕ್ಕೆ ಎರಡೂ ಒಂದೇ ಕಂಸ! ಮೂರಂಕಿಯ ಅವಿಭಾಜ್ಯಗಳವರೆಗೆ ಮಾತ್ರ ಅದು ಭಾಗಿಸಿ ನೋಡುತ್ತದೆ. ಉಳಿದದ್ದು 1009ರ ವರ್ಗವಾದ 1018081ಕ್ಕಿಂತ ಚಿಕ್ಕದಿದ್ದರೆ ಅದು ಅವಿಭಾಜ್ಯವೆಂದು ಖಾತ್ರಿ, ದೊಡ್ಡದಿದ್ದರೆ ಕಂಸ ಹಾಕಿ ಕೈಚೆಲ್ಲುತ್ತದೆ. ಕಂಸ ಕಂಡ ಕೂಡಲೇ ‘ಅವಿಭಾಜ್ಯ’ ಎಂದು ಉತ್ತರಪತ್ರಿಕೆಯಲ್ಲಿ ಬರೆದರೆ ಅಂಕ ಹೋಯಿತು.

ಮುಂದಿನ ಕೆಲಸ ಟೇಬಲ್‌ನದು, ಈ ಯಂತ್ರದ ನಿಜವಾದ ಬೆಲೆ ಇರುವುದೂ ಅಲ್ಲೇ. 2147483647ರ ಯಾವುದೇ ಅವಿಭಾಜ್ಯ ಭಾಜಕವನ್ನು 31ರಿಂದ ಭಾಗಿಸಿದರೆ ಶೇಷ 1, 8ರಿಂದ ಭಾಗಿಸಿದರೆ ಶೇಷ 1 ಅಥವಾ 7. ಹಾಗಾಗಿ ಅದು 248x+1 ಇಲ್ಲವೇ 248x+63 ರೂಪದಲ್ಲೇ ಇರಬೇಕು. ವರ್ಗಮೂಲ ಸುಮಾರು 46341. X 186 ದಾಟುವುದಿಲ್ಲ. ಟೇಬಲ್‌ನ ಎಫ್ ಫಲನಕ್ಕೆ 2147483647÷(248x+1), ಜಿ ಫಲನಕ್ಕೆ 2147483647÷(248x+63) ಕೊಟ್ಟು xನ್ನು 1ರಿಂದ 30, 31ರಿಂದ 60 ಹೀಗೆ ಓಡಿಸಿ. ಎರಡು ಫಲನ ಕೊಟ್ಟಾಗ 30 ಸಾಲಷ್ಟೇ ಹಿಡಿಯುವುದರಿಂದ ಏಳು ಟೇಬಲ್, 372 ಭಾಗಾಕಾರ. ಎಲ್ಲೂ ಪೂರ್ಣಾಂಕ ಬಾರದಿದ್ದರೆ ಸಂಖ್ಯೆ ಅವಿಭಾಜ್ಯ. ಫ್ಯಾಕ್ಟ್ ನೋಡಿ ಮುಗಿಸಿದ ಮೊದಲ ಮೂರು ಸಾಲು ಬಿಟ್ಟರೂ ಏಳೇ ಆಗುತ್ತವೆ, ಉಳಿತಾಯ ಏನೂ ಇಲ್ಲ.

ಎಡವುವುದು ಓದುವಾಗ. ಟೇಬಲ್‌ನ ಚೌಕದೊಳಗೆ ಅಂಕಿಗಳು ಮೊಟಕಾಗಿ ಕಾಣುತ್ತವೆ, ದಶಮಾಂಶ ಉದುರಿ ಪೂರ್ಣಾಂಕದಂತೆ ತೋರಬಹುದು. ಕರ್ಸರ್ ಇಟ್ಟು ಕೆಳಗಿನ ಸಾಲು ನೋಡಿ. ಅನುಮಾನವಿದ್ದರೆ ಭಾಜಕದಿಂದ ತಿರುಗಿ ಗುಣಿಸಿ. ಕೈ ಪಳಗಲು 536870911÷(58x+1) ಒಳ್ಳೆಯದು: x=19ಕ್ಕೆ 486737 ಸರಿಯಾಗಿ ಬರಬೇಕು.

2ರ ಘಾತದಿಂದ 1 ಕಳೆದ ಇಂಥ ಸಂಖ್ಯೆ ಅವಿಭಾಜ್ಯವೇ ಎಂದು ತಿಳಿಸುವ ಲೂಕಾಸ್-ಲೆಹ್ಮರ್ ಪರೀಕ್ಷೆಗೆ 8191 (2ರ 13ನೇ ಘಾತದಿಂದ 1 ಕಳೆದದ್ದು) ಸಲೀಸು. 4ರಿಂದ ಹೊರಟು, ವರ್ಗ ಮಾಡಿ 2 ಕಳೆದು 8191ರಿಂದ ಭಾಗಿಸಿದ ಶೇಷ ಹಿಡಿಯುತ್ತ ಹೋದರೆ ಹತ್ತನೇ ಹೆಜ್ಜೆಗೆ 128, ಹನ್ನೊಂದಕ್ಕೆ ಸೊನ್ನೆ, ಅಂದರೆ ಅವಿಭಾಜ್ಯ. 2147483647ಕ್ಕೆ ಇದು ನಡೆಯದು. ವರ್ಗಗಳು 19 ಅಂಕಿ ಮುಟ್ಟುತ್ತವೆ, ಯಂತ್ರ ಒಳಗೆ ಹಿಡಿದಿಡುವುದು 15 ಅಂಕಿ.

ಹತ್ತಂಕಿ ಮೀರಿದರೆ ಫ್ಯಾಕ್ಟ್ ಇಲ್ಲ, ಟೇಬಲ್ ಇದೆ. 2ರ 37ನೇ ಘಾತದಿಂದ 1 ಕಳೆದ ಸಂಖ್ಯೆಗೆ 137438953471÷(74x+1) ಕೊಡಿ, ಮೂರನೇ ಸಾಲಿನಲ್ಲೇ 616318177. ಅದನ್ನು ಫ್ಯಾಕ್ಟ್‌ಗೆ ಕೊಟ್ಟರೆ ಮತ್ತದೇ ಕಂಸ.