235 ಕೇಳಲು ಹೋಗಿ 225 ಹಾಕಿಸಿಕೊಂಡು ಬಂದೆ

ನನ್ನ ಸ್ಪೋರ್ಟ್ಸ್ ಕಾರಿನ ಮೂಲ ಚಕ್ರಗಳು 17 ಇಂಚಿನವು, ರಿಮ್ಮಿನ ಅಗಲ 7 ಇಂಚು. ಕಂಪನಿಯಿಂದ ಬಂದದ್ದು 215/45 ಟೈರು, ಅಂದರೆ ಅಗಲ 215 ಮಿಲಿಮೀಟರ್, ಪಕ್ಕೆಯ ಎತ್ತರ ಆ ಅಗಲದ ಶೇ. 45. ಅವು ಸವೆದಾಗ 235 ಹಾಕಿಸುವ ಆಸೆಯಿಂದ ಕಾರವಾರದ ಹೆದ್ದಾರಿ ಬದಿಯ ಟೈರ್ ಅಂಗಡಿಗೆ ಹೋದೆ. "235/45ಕ್ಕೆ ಕನಿಷ್ಠ ಏಳೂವರೆ ಇಂಚಿನ ರಿಮ್ ಬೇಕು ಸರ್, ನಿಮ್ಮದಕ್ಕೆ ಬೇಡ" ಎಂದು ಅಲ್ಲಿನ ಹಿರಿಯರು ನೇರವಾಗಿ ಹೇಳಿದರು. ಹೆಚ್ಚಿನ ಬೆಲೆಯ ಮಾಲನ್ನು ತಾವಾಗಿಯೇ ಬೇಡವೆನ್ನುವ ವ್ಯಾಪಾರಿಗಳು ಅಪರೂಪ. ಕಿರಿದಾದ ರಿಮ್ಮಿಗೆ ತೀರಾ ಅಗಲದ ಟೈರು ಕೂರಿಸಿದರೆ ಅದರ ಪಕ್ಕೆ ಹೊರಕ್ಕೆ ಉಬ್ಬಿ, ತಿರುವಿನಲ್ಲಿ ಬಾಗಿ, ಸ್ಟೀರಿಂಗಿನ ಚುರುಕನ್ನೇ ಕಳೆಯುತ್ತದೆ.

ಕೊನೆಗೆ 225/45 ಆರಿಸಿದೆವು. ವ್ಯಾಸ ಸುಮಾರು 9 ಮಿಲಿಮೀಟರ್ ಹೆಚ್ಚುವುದರಿಂದ, ಮೀಟರಿನಲ್ಲಿ ಅದೇ ಅಂಕಿ ಇದ್ದರೂ ಕಾರು ಮೊದಲಿಗಿಂತ ಶೇ. 1.4ರಷ್ಟು ವೇಗವಾಗಿ ಓಡುತ್ತದೆ; ಇದು ಸಹಿಸಬಹುದಾದ ವ್ಯತ್ಯಾಸ. ಒಂದು ಟೈರು ಕೂರಿಸಿದ ಕೂಡಲೇ ಅವರು ಸ್ಟೀರಿಂಗನ್ನು ಪೂರ್ತಿ ತಿರುಗಿಸಿ, ಟೈರಿಗೂ ಒಳಗಿನ ಪ್ಲಾಸ್ಟಿಕ್ ಹೊದಿಕೆಗೂ ನಡುವೆ ಎರಡು ಬೆರಳು ತೂರಿಸಿ ನೋಡಿದ ಮೇಲಷ್ಟೇ ಉಳಿದ ಮೂರನ್ನು ತೆಗೆದರು. ಪಕ್ಕೆಯ ಮೇಲಿನ ನಾಲ್ಕಂಕಿಯ ತಯಾರಿಕೆಯ ವಾರ ಮತ್ತು ವರ್ಷವನ್ನೂ ಕೇಳದೆಯೇ ತೋರಿಸಿದರು.

ದೇವಿಮನೆ ಘಟ್ಟದ ಒಣ ತಿರುವುಗಳಲ್ಲಿ ಹಿಡಿತ ಸ್ಪಷ್ಟವಾಗಿ ಹೆಚ್ಚಿದೆ. ಆದರೆ ಅಗಲದ ಟೈರು ನಿಂತ ನೀರಿನ ಮೇಲೆ ಬೇಗ ತೇಲುವುದರಿಂದ, ನಮ್ಮ ಕರಾವಳಿಯ ಮಳೆಗಾಲಕ್ಕೆ ಆಳವಾದ ನೀರುಗಾಲುವೆಗಳಿರುವ ವಿನ್ಯಾಸವನ್ನೇ ಕೇಳಿ ತೆಗೆದುಕೊಳ್ಳಿ. ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್‌ಗೆ ಮಾತ್ರ ಎರಡು ಗಂಟೆ ಕಾಯಬೇಕಾಯಿತು. ಬೆಳಿಗ್ಗೆ ಬೇಗ ಹೋಗುವುದು ಒಳ್ಳೆಯದು.