ಸಿಲಿಕಾನ್ ಬ್ರಾಂಜ್ ಸ್ಕ್ರೂ: ಕೆಲವು ವರ್ಷ ಉಪ್ಪುನೀರು ಕುಡಿದ ಮೇಲೆ

ಈ ಬೇಸಿಗೆಯಲ್ಲಿ ದೋಣಿಯ ಕೀಲ್, ಅಂದರೆ ತಳದ ಉದ್ದಕ್ಕೂ ಬೆನ್ನೆಲುಬಿನ ಹಾಗೆ ಇರುವ ಮರ, ಬಿಚ್ಚಿದೆ. ಅಡಿಯಲ್ಲಿದ್ದ ಸಿಲಿಕಾನ್ ಬ್ರಾಂಜ್ (ತಾಮ್ರದ ಮಿಶ್ರಲೋಹ) ಸ್ಕ್ರೂಗಳು ಹೇಗೆ ಹೊರಬಂದವು ಅನ್ನೋದನ್ನ ಹೇಳಲೇಬೇಕು ಅನ್ನಿಸಿ ಈ ವಿಮರ್ಶೆ.

ದೋಣಿ 12 ಅಡಿಯದು. ಹೊರಮೈ ಐಎಸ್ 710 (ಮರೈನ್ ಪ್ಲೈಗೆ ಇರುವ ಭಾರತೀಯ ಮಾನದಂಡ) ಗುರುತಿನ ಮರೈನ್ ಪ್ಲೈ, ಕೀಲ್ ಮತ್ತು ಒಳಗಿನ ಪಟ್ಟಿಗಳು ತೇಗ. ನೀರಿನ ಮಟ್ಟಕ್ಕಿಂತ ಕೆಳಗೆಲ್ಲ ಬ್ರಾಂಜ್, ಮೇಲೆ 316 ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲು (ಅಂಗಡಿಯವರ ಬಾಯಲ್ಲಿ ಎಸ್‌ಎಸ್). ವರ್ಷದ ಬಹುಪಾಲು ಬೆಂಗಳೂರಿನಲ್ಲಿ ಟಾರ್ಪಾಲಿನ್ ಕೆಳಗೆ ಒಣಗಿಕೊಂಡೇ ಇರುತ್ತದೆ. ರಜೆ ಸಿಕ್ಕಾಗ ಕಾರಿನ ಮೇಲೆ ಕಟ್ಟಿಕೊಂಡು ಹೊನ್ನಾವರಕ್ಕೆ ಹೋಗುತ್ತೇವೆ, ಶರಾವತಿ ಸಮುದ್ರ ಸೇರುವ ಕಡೆಗೆ.

ಸ್ಕ್ರೂ ತಲೆಯ ಮೇಲೆ ಕೂರಿಸಿದ್ದ ತೇಗದ ಬಿರಡೆ ತೆಗೆದು, ತಲೆಯ ಗೀರಿನಲ್ಲಿದ್ದ ಕೊಳೆಯನ್ನು ಸೂಜಿಯಲ್ಲಿ ಕೆದಕಿ, ಸ್ಕ್ರೂಡ್ರೈವರ್ ಒತ್ತಿ ತಿರುಗಿಸಿದೆ. ಮೊದಲು ಟಕ್ ಅಂದು ಸಡಿಲವಾಯಿತು, ಆಮೇಲೆ ಸಲೀಸಾಗಿ ಬಂತು. ತಲೆಯ ಸುತ್ತ ತೆಳುವಾದ ಹಸಿರು ಕಿಲುಬು. ಬಟ್ಟೆಯಲ್ಲಿ ಒರೆಸಿದರೆ ಕೆಂಗಂದು ಲೋಹ, ಥ್ರೆಡ್ಡಿನ ಅಂಚು ಬೆರಳಿಗೆ ಚುಚ್ಚುವಷ್ಟು ಚೂಪು. ತೂತಿನ ಒಳಗೆ ತೇಗ ಕಪ್ಪಾಗಿರಲಿಲ್ಲ, ಮೆತ್ತಗಾಗಿರಲಿಲ್ಲ. ಒಂದೊಂದಾಗಿ ಎಲ್ಲವೂ ಹಾಗೇ ಬಂದವು. ಅವತ್ತು ನನಗಾದ ಸಂತೋಷ ಮರಗೆಲಸ ಮಾಡುವವರಿಗೆ ಗೊತ್ತಿರುತ್ತದೆ.

ಇಷ್ಟು ಸಂತೋಷಕ್ಕೆ ಕಾರಣವಿದೆ. ಇದಕ್ಕೂ ಮುಂಚಿನ ದೋಣಿಗೆ ಎಸ್‌ಪಿ ರೋಡಿನ ಒಂದು ಅಂಗಡಿಯಿಂದ ತಂದ ಸ್ಟೀಲ್ ಸ್ಕ್ರೂಗಳನ್ನು ಹಾಕಿದ್ದೆ. ಯಾವ ಗ್ರೇಡ್ ಅಂತ ಕೇಳಿದ್ದೆ. "ಎಸ್‌ಎಸ್ ಅಂದ್ರೆ ಎಸ್‌ಎಸ್ ಸಾರ್, ತುಕ್ಕು ಹಿಡಿಯೋ ಮಾತೇ ಇಲ್ಲ" ಅಂದರು. ಬಿಚ್ಚಿದಾಗ ತಲೆಗಳು ಮದುವೆಮನೆ ಪಾತ್ರೆ ಥರ ಫಳಫಳ ಅನ್ನುತ್ತಿದ್ದವು. ಮರದೊಳಗೆ ಹೂತಿದ್ದ ಕುತ್ತಿಗೆ ಮಾತ್ರ ಕಪ್ಪಾಗಿ, ಒಂದು ಕಡೆ ಕೊರೆದು, ಅರ್ಧಕ್ಕರ್ಧ ಸಣ್ಣಗಾಗಿತ್ತು. ಕೆಲವು ತಿರುಗಿಸುವಾಗಲೇ ಮುರಿದವು. ಬೆಳ್ಳಗಿರುವುದೆಲ್ಲ ಹಾಲಲ್ಲ.

ಸ್ಟೇನ್‌ಲೆಸ್ ಸ್ಟೀಲನ್ನು ಕಾಯುವುದು ಅದರ ಮೇಲಿರುವ ಕ್ರೋಮಿಯಂ ಆಕ್ಸೈಡಿನ ತೆಳು ಪದರ. ಗೀರು ಬಿದ್ದರೂ ಆ ಪದರ ಮತ್ತೆ ಕಟ್ಟಿಕೊಳ್ಳುತ್ತದೆ, ಆದರೆ ಅದಕ್ಕೆ ಆಮ್ಲಜನಕ ಬೇಕು. ಒದ್ದೆ ಮರದೊಳಗೆ ಗಾಳಿ ಎಲ್ಲಿಂದ ಬರಬೇಕು? ಅಲ್ಲಿ ಉಪ್ಪು ಸೇರಿಕೊಂಡು ಲೋಹವನ್ನು ಒಳಗಿಂದೊಳಗೇ ತಿನ್ನುತ್ತದೆ. 316ರಲ್ಲಿ ಶೇ. 2ರಿಂದ 3ರಷ್ಟು ಮಾಲಿಬ್ಡಿನಂ ಇರುವುದರಿಂದ ಮಾಮೂಲಿ 304 ಗ್ರೇಡಿಗಿಂತ ಹೆಚ್ಚು ತಡೆಯುತ್ತದೆ ನಿಜ. ಆದರೂ ನೀರಿನಡಿ ಮರದೊಳಗೆ ಅದನ್ನೂ ನಾನು ನಂಬುವುದಿಲ್ಲ. ಬ್ರಾಂಜಿಗೆ ಈ ತಾಪತ್ರಯವಿಲ್ಲ. ಅದರಲ್ಲಿ ಬಹುಪಾಲು ತಾಮ್ರವೇ, ಜೊತೆಗೆ ಶೇ. 3ರ ಆಸುಪಾಸು ಸಿಲಿಕಾನ್.

ನನ್ನ ಸಿಟ್ಟು ಸ್ಟೀಲಿನ ಮೇಲಲ್ಲ, ಪ್ಯಾಕೆಟ್ಟಿನ ಮೇಲೆ. ಬರೀ "ಎಸ್‌ಎಸ್" ಅಂತ ಅಚ್ಚು ಹಾಕಿ ಮಾರುತ್ತಾರೆ. 202 ಗ್ರೇಡ್ ಕೂಡ ಎಸ್‌ಎಸ್ಸೇ. ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ್ದು, ಅಗ್ಗ, ಉಪ್ಪುನೀರಿಗೆ ಲಾಯಕ್ಕಿಲ್ಲ. ಅಂಗಡಿಯವರು ಆಯಸ್ಕಾಂತ ಹಿಡಿದು ತೋರಿಸುತ್ತಾರಲ್ಲ, ಅದರಿಂದ 304 ಯಾವುದು, 316 ಯಾವುದು ಅಂತ ತಿಳಿಯುವುದಿಲ್ಲ. ಬೋಲ್ಟಿನ ತಲೆ ನೋಡಿ: ಎ2 ಅಂತಿದ್ದರೆ 304ರ ಜಾತಿ, ಎ4 ಅಂತಿದ್ದರೆ 316. ಮರದ ಸ್ಕ್ರೂ ತಲೆಯ ಮೇಲೆ ಸಾಮಾನ್ಯವಾಗಿ ಆ ಗುರುತೂ ಇರುವುದಿಲ್ಲ. ಒಂದು ಅಂಕಿ ಅಚ್ಚು ಹಾಕಲು ಎಷ್ಟು ಖರ್ಚಾದೀತು? ಆ ಅಂಕಿ ನಂಬಿಕೊಂಡು ಜನ ನೀರಿಗಿಳಿಯುತ್ತಾರೆ.

ಹಿತ್ತಾಳೆ ಸ್ಕ್ರೂ ಎಲ್ಲ ಕಡೆ ಸಿಗುತ್ತದೆ, ನೋಡಲೂ ಚೆಂದ. ಉಪ್ಪುನೀರಿನಲ್ಲಿ ಅದರ ಸತು ಕರಗಿಹೋಗಿ ಗುಲಾಬಿ ಬಣ್ಣಕ್ಕೆ ತಿರುಗಿ ಪುಡಿಪುಡಿಯಾಗುತ್ತದೆ. ಒಳಗಿನ ಅಲಂಕಾರಕ್ಕಿರಲಿ.

ಬ್ರಾಂಜಿನ ತಕರಾರುಗಳೂ ಇವೆ. ಬೆಂಗಳೂರಿನಲ್ಲಿ ನಾನು ವಿಚಾರಿಸಿದ ಅಂಗಡಿಗಳಲ್ಲಿ ಇಟ್ಟಿರಲಿಲ್ಲ, ಹೊರಗಿನಿಂದ ತರಿಸಿದೆ. ಬೆಲೆ ಸ್ಟೀಲಿನ ಹಲವು ಪಟ್ಟು. ಸಂಬಳದಲ್ಲಿ ಮನೆ ನಡೆಸುವವನಿಗೆ ಅದು ಸಣ್ಣ ಮಾತಲ್ಲ, ಆ ಡಬ್ಬಿ ಬಂದ ತಿಂಗಳು ಬೇರೆ ಏನನ್ನೂ ಕೊಳ್ಳಲಿಲ್ಲ. ಮೇಲಾಗಿ ಲೋಹ ಮೆದು. ಬ್ಯಾಟರಿ ಡ್ರಿಲ್ಲಿನಲ್ಲಿ ಕೂರಿಸಲು ಹೋದರೆ ಗೀರು ಕಿತ್ತುಹೋಗುತ್ತದೆ, ಇಲ್ಲವೇ ತಲೆಯೇ ತುಂಡಾಗುತ್ತದೆ.

ಹಾಗಾಗಿ ಕೈಯಲ್ಲೇ ಕೂರಿಸಬೇಕು. ಶುರುವಿನಲ್ಲಿ ಬೇಸರವೆನಿಸಿದ ಆ ಕೆಲಸವೇ ಈಗ ನನಗೆ ಅತ್ಯಂತ ಇಷ್ಟ. ಭಾನುವಾರ ಕಾಫಿ ಮುಗಿಸಿ ಮಹಡಿಗೆ ಹೋಗುತ್ತೇನೆ. 8 ನಂಬರ್ ಸ್ಕ್ರೂಗೆ ತೇಗದಲ್ಲಿ 3.2 ಮಿ.ಮೀ. ತೂತು. ಮೊದಲು ಅದೇ ಅಳತೆಯ ಸ್ಟೀಲ್ ಸ್ಕ್ರೂ ಒಂದನ್ನು ಪೂರ್ತಿ ಇಳಿಸಿ ತೆಗೆಯುತ್ತೇನೆ, ಅದು ಮರದಲ್ಲಿ ದಾರಿ ಮಾಡಿಕೊಡುತ್ತದೆ. ಆಮೇಲೆ ಬ್ರಾಂಜ್ ಸ್ಕ್ರೂವನ್ನು ಜೇನುಮೇಣದ ಉಂಡೆಯ ಮೇಲೆ ಎಳೆದು, ಬೆಚ್ಚಗಿನ ಆ ವಾಸನೆಯೊಂದಿಗೆ ನಿಧಾನಕ್ಕೆ ಇಳಿಸುವುದು. ಕೊನೆಯ ಅರ್ಧ ಸುತ್ತಿನಲ್ಲಿ ಮರ ಬಿಗಿಯಾಗಿ ಕಚ್ಚಿಕೊಳ್ಳುವುದು ಮಣಿಕಟ್ಟಿಗೇ ತಿಳಿಯುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಮೇಲಿನ ಬಿರಡೆಯನ್ನು ಅಂಟು ಹಾಕದೆ ಬರೀ ವಾರ್ನಿಶ್ ಹಚ್ಚಿ, ಅದರ ಮರದ ಎಳೆ ಕೀಲ್ ಮರದ ಎಳೆಗೆ ಹೊಂದುವಂತೆ ಕೂರಿಸುತ್ತೇನೆ. ಮುಂದೊಮ್ಮೆ ತೆಗೆಯಬೇಕಾದಾಗ ಬಿರಡೆಯ ನಡುವೆ ಸಣ್ಣ ಸ್ಕ್ರೂ ಒಂದನ್ನು ಇಳಿಸಿದರೆ, ಅದು ಅಡಿಗೆ ತಾಗಿದೊಡನೆ ಬಿರಡೆ ತಾನೇ ಮೇಲೇಳುತ್ತದೆ.

ನೀವು ಸಿಹಿನೀರಿನ ಹಿನ್ನೀರಿನಲ್ಲಷ್ಟೇ ಹುಟ್ಟು ಹಾಕುವವರಾದರೆ, ದೋಣಿಯನ್ನು ಪ್ರತಿಸಲ ಮನೆಗೆ ತಂದು ಒಣಗಿಸುವವರಾದರೆ, ಬ್ರಾಂಜಿಗೆ ದುಡ್ಡು ಸುರಿಯಬೇಡಿ. ಬಿಲ್ಲಿನ ಮೇಲೆ ಗ್ರೇಡ್ ಬರೆದುಕೊಡುವ ಅಂಗಡಿಯಿಂದ ತಂದ 304 ಸಾಕು. ಉಪ್ಪುನೀರಿಗೆ ಇಳಿಸುತ್ತೀರಾದರೆ ನೀರಿನ ಕೆಳಗೆ ಬ್ರಾಂಜ್ ಹಾಕಿ. ಗಾಳಿಯಾಡುವ ಮೇಲ್ಭಾಗಕ್ಕೆ 316, ಹುಟ್ಟು ಸಿಕ್ಕಿಸುವ ಕವೆಗೆ ಎ4 ಬೋಲ್ಟು. ಬ್ರಾಂಜಿನ ಪಕ್ಕ ಅಲ್ಯೂಮಿನಿಯಂ ಮಾತ್ರ ಬೇಡ, ಉಪ್ಪುನೀರು ತಾಗಿದರೆ ಅಲ್ಯೂಮಿನಿಯಂ ಬೇಗ ಹಾಳಾಗುತ್ತದೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಬೆಲೆಗೆ. ಈ ಸಲ ಬಿಚ್ಚಿದ ಸ್ಕ್ರೂಗಳನ್ನೇ ಒರೆಸಿ, ಮೇಣ ಹಚ್ಚಿ, ಅದೇ ಕೀಲಿಗೆ ಮತ್ತೆ ಹಾಕಿದ್ದೇನೆ.