ಸೈಕಲ್ ರೇಸಿಗೆಂದು ಮಾಡಿಸಿದ ಕೃತಕ ಕಾಲು: ಎರಡು ಮಳೆಗಾಲ ಕಳೆದ ಮೇಲೆ

ಈ ಕಾಲಿಗೆ ಕೊಟ್ಟ ಹಣದಲ್ಲಿ ದೊಡ್ಡ ಪಾಲನ್ನು ನುಂಗಿದ್ದು ಕಾರ್ಬನ್ ಪಾದ. ಸೈಕಲ್ ಮೇಲೆ ಅತಿ ಕಡಿಮೆ ಕೆಲಸ ಮಾಡಿದ್ದೂ ಅದೇ. ಇಷ್ಟು ಹೇಳಿ ವಿಮರ್ಶೆ ಮುಗಿಸಿದರೂ ಅನ್ಯಾಯವಾಗದು. ಆದರೆ ರೇಸಿಗೆ ಇಳಿಯಬೇಕೆಂದಿರುವವರು ಫೋನ್ ಮಾಡಿದಾಗಲೆಲ್ಲ ಕೇಳುವುದು ಪಾದದ ವಿಚಾರವನ್ನೇ ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ನನ್ನ ಬಲಗಾಲು ಮೊಣಕಾಲಿನ ಕೆಳಗೆ ಇಲ್ಲ. ಬೈಕ್ ಅಪಘಾತ, ಹಳೆಯ ಕಥೆ. ಊರು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ; ಅಡಿಕೆ, ಜೊತೆಗೆ ಒಂದಿಷ್ಟು ರಬ್ಬರ್. ತೋಟಕ್ಕೆ ಇಳಿಯಲು ಇಂದಿಗೂ ಜೈಪುರ ಕಾಲೇ ಬೇಕು. 1968ರ ಸುಮಾರಿಗೆ ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿಯೂ ಡಾ. ಪಿ.ಕೆ. ಸೇಠಿಯವರೂ ಸೇರಿ ರೂಪಿಸಿದ ಆ ರಬ್ಬರ್ ಪಾದ ಬರಿಗಾಲಿನಲ್ಲಿ ನಡೆಯುವವರಿಗೆ, ನೆಲಕ್ಕೆ ಕುಕ್ಕರಗಾಲಿನಲ್ಲಿ ಕೂರುವವರಿಗೆ, ತೋಡು ದಾಟುವವರಿಗೆ ಹೇಳಿ ಮಾಡಿಸಿದಂತಿದೆ. ಅದನ್ನು ಹಳಿಯುವ ಉದ್ದೇಶ ನನಗಿಲ್ಲ. ಆದರೆ ಪೆಡಲ್ ತುಳಿಯುವಾಗ ಆ ಪಾದ ಬಾಗುತ್ತದೆ, ಪಟ್ಟಿ ಎಷ್ಟು ಬಿಗಿದರೂ ಕಾಲು ಒಳಗೆ ಮೇಲೆ ಕೆಳಗೆ ಜಾರುತ್ತದೆ. ಸೀತಾಂಗೋಳಿಯವರೆಗೆ ಹೋಗಿ ಬರುವಷ್ಟರಲ್ಲಿ ಸ್ಟಂಪಿನ, ಅಂದರೆ ಮೊಣಕಾಲಿನ ಕೆಳಗೆ ಉಳಿದ ಮೋಟು ಕಾಲಿನ, ಚರ್ಮ ಕೆಂಪಾಗಿರುತ್ತಿತ್ತು. ರೇಸಿಗೆ ಬೇರೆ ಕಾಲು ಬೇಕು ಎಂದು ತೀರ್ಮಾನವಾದದ್ದು ಹೀಗೆ.

ಮಾಡಿಸಿದ್ದು ಮಂಗಳೂರಿನಲ್ಲಿ. ನಮಗೆ ಆಸ್ಪತ್ರೆಯೂ ಮಂಗಳೂರು, ಕನ್ನಡಕವೂ ಮಂಗಳೂರು, ಕಾಲೂ ಮಂಗಳೂರೇ. ಕೇಂದ್ರದ ಹೆಸರು ಬರೆಯುವುದಿಲ್ಲ, ಕಾರಣ ಮುಂದೆ ತಿಳಿಯುತ್ತದೆ. ಸ್ಟಂಪ್ ಕೂರುವ ಕಾರ್ಬನ್ ನಾರಿನ ಕೋಶ (ಸಾಕೆಟ್), ಅದರೊಳಗೆ ಚರ್ಮದ ಮೇಲೆ ಕಾಲುಚೀಲದಂತೆ ಹಾಕುವ ಸಿಲಿಕೋನ್ ಲೈನರ್, ಲೈನರಿನ ತುದಿಯಲ್ಲಿ ಪಿನ್, ಅದನ್ನು ಕಚ್ಚಿ ಹಿಡಿಯುವ ಲಾಕ್, ಕೆಳಗೆ ಅಲ್ಯೂಮಿನಿಯಂ ಕೊಳವೆ, ಅದರ ಕೆಳಗೆ ನಮ್ಮ ಕಾರ್ಬನ್ ಪಾದ ಮಹಾಶಯರು. ಎಲ್ಲ ಸೇರಿ ಎರಡೂವರೆ ಲಕ್ಷದ ಆಸುಪಾಸು. ಸರಕಾರದ ಯೋಜನೆಗಳಲ್ಲಿ ಸಿಗುವ ಕಾಲು ನಡೆಯಲು ಸಾಕು. ಕ್ರೀಡೆಗೆಂದು ಕೇಳಿದರೆ ಕೈಯಿಂದಲೇ ಹಾಕಬೇಕು.

ಸಾಕೆಟ್ ವಿಚಾರಕ್ಕೆ ಬರೋಣ. ನಡೆಯುವವರಿಗೆಂದು ಮಾಡುವ ಸಾಕೆಟ್ಟಿನ ಹಿಂಬದಿ ಅಂಚು ಎತ್ತರವಾಗಿರುತ್ತದೆ, ಮೊಣಕಾಲಿನ ಹಿಂದಿನ ಕುಳಿಯ ತನಕ ಬರುತ್ತದೆ. ನಡೆಯುವಾಗ ಮೊಣಕಾಲು ಅಷ್ಟೇನೂ ಮಡಚುವುದಿಲ್ಲವಾದ್ದರಿಂದ ತೊಂದರೆ ಇಲ್ಲ. ಪೆಡಲ್ ಮೇಲಕ್ಕೆ ಬಂದಾಗ ಮಾತ್ರ ಆ ಅಂಚು ತೊಡೆಯ ಹಿಂಭಾಗದ ನರದಂಥ ಸ್ನಾಯುತಂತುಗಳಿಗೆ ಚುಚ್ಚಲು ತೊಡಗುತ್ತದೆ. ಹತ್ತು ನಿಮಿಷ ಸಹಿಸಬಹುದು. ಬದಿಯಡ್ಕದಿಂದ ಮುಳ್ಳೇರಿಯ ಕಡೆಗಿನ ಏರಿಳಿತದಲ್ಲಿ ಒಂದು ಗಂಟೆ ಸಹಿಸಲಾಗದು. ಅಂಚನ್ನು ಕೆಳಗಿಳಿಸಿ, ಎರಡೂ ಬದಿಯಲ್ಲಿ ತಂತುಗಳಿಗೆ ಜಾಗ ಬಿಟ್ಟು ಕೆರೆಸಿಕೊಂಡ ದಿನದಿಂದ ಈ ಕಾಲು ನಿಜಕ್ಕೂ ಸೈಕಲ್ಲಿನ ಕಾಲಾಯಿತು. ಆ ಕೆಲಸಕ್ಕೆ ಖರ್ಚಾದದ್ದು ಬಸ್ ಚಾರ್ಜು ಮತ್ತು ತಂತ್ರಜ್ಞರ ಅರ್ಧ ಗಂಟೆ. ಅಳತೆ ಕೊಡುವ ದಿನವೇ ಸೈಕಲ್ಲನ್ನೂ ಒಯ್ಯಿರಿ, ಅದರ ಮೇಲೆ ಕುಳಿತು ತೋರಿಸಿ. ಮಂಚದ ಮೇಲೆ ಮಲಗಿಸಿ ತೆಗೆದ ಅಳತೆಗೆ ಪೆಡಲಿನ ಕಷ್ಟ ಗೊತ್ತಿರುವುದಿಲ್ಲ.

ಮಡಚುವಿಕೆಯನ್ನು ಇನ್ನಷ್ಟು ಕಡಿಮೆ ಮಾಡಲು ಬಲಬದಿಯ ಕ್ರ್ಯಾಂಕ್, ಅಂದರೆ ಪೆಡಲನ್ನು ಹಿಡಿದಿರುವ ತೋಳು, ಗಿಡ್ಡ ಮಾಡಿಸಿದೆ. ಮಾಮೂಲಿ 170 ಮಿ.ಮೀ. ಕ್ರ್ಯಾಂಕಿಗೆ ಸಾಲಾಗಿ ತೂತುಗಳಿರುವ ಒಂದು ಅಲ್ಯೂಮಿನಿಯಂ ತುಂಡನ್ನು ಬಿಗಿದು, ಒಳಗಿನ ತೂತಿಗೆ ಪೆಡಲ್ ಹಾಕುವುದು. ಹೊರದೇಶದಿಂದ ತರಿಸಬಹುದು, ನಾನು ಕಾಸರಗೋಡಿನ ಒಂದು ಲೇತ್ ಅಂಗಡಿಯಲ್ಲಿ ಮಾಡಿಸಿದೆ. ಯಜಮಾನರು ತುಂಡನ್ನು ತಿರುಗಿಸಿ ತಿರುಗಿಸಿ ನೋಡಿ, "ಮಾರಾಯರೇ, ಗಿಡ್ಡ ಇರುವುದು ನಿಮ್ಮ ಕಾಲೋ ಸೈಕಲಿನ ಕಾಲೋ?" ಎಂದು ಕೇಳಿದರು. ಪೆಡಲ್ ತಿರುಗಿಸಿ ಕೂರಿಸುವ ಮರೆ (ಥ್ರೆಡ್) ಮಾತ್ರ ಸೊಗಸಾಗಿ ಕೊರೆದುಕೊಟ್ಟರು, ಇಂದಿನವರೆಗೆ ಸಡಿಲವಾಗಿಲ್ಲ.

ಈಗ ಲೈನರ್. ಈ ಕರಾವಳಿಯಲ್ಲಿ ಇದೇ ನಿಜವಾದ ಪರೀಕ್ಷೆ. ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುವ, ಮಳೆಯಿಲ್ಲದಾಗಲೂ ಅಂಗಿ ಒದ್ದೆಯಾಗುವ ಊರು ನಮ್ಮದು. ಸಿಲಿಕೋನ್ ಗಾಳಿಯಾಡಲು ಬಿಡುವುದಿಲ್ಲ; ಬೆವರು ಒಳಗೇ ನಿಲ್ಲುತ್ತದೆ, ನಿಂತ ಬೆವರಿನ ಮೇಲೆ ಲೈನರ್ ಜಾರುತ್ತದೆ, ಜಾರಿದಲ್ಲಿ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದರೆ ವಾಸಿಯಾಗುವವರೆಗೆ ಸೈಕಲ್ ಮುಟ್ಟುವಂತಿಲ್ಲ. ತರಬೇತಿಯ ವೇಳಾಪಟ್ಟಿಯನ್ನು ನಿರ್ಧರಿಸುವುದು ಕೋಚ್ ಅಲ್ಲ, ಚರ್ಮ. ನನಗೆ ಹೊಂದಿಕೆಯಾದ ಕ್ರಮ ಇದು: ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಲೈನರ್ ಕಳಚಿ ಒರೆಸುವುದು, ಚರ್ಮವೈದ್ಯರು ಕೊಟ್ಟ ಬೆವರು ತಡೆಯುವ ದ್ರಾವಣವನ್ನು ರಾತ್ರಿ ಮಾತ್ರ ಹಚ್ಚುವುದು, ಪೌಡರ್ ಹಾಕದಿರುವುದು. ದಿನವೂ ಸೌಮ್ಯವಾದ ಸೋಪಿನಿಂದ ತೊಳೆಯಲೇಬೇಕು. ತೊಳೆದ ಮೇಲೆ ಸಿಲಿಕೋನ್ ಭಾಗ ಬೇಗ ಒಣಗುತ್ತದೆ, ಹೊರಗಿನ ಬಟ್ಟೆ ಆಟಿ ತಿಂಗಳ ಮಳೆಯಲ್ಲಿ ಒಣಗುವ ಮಾತೇ ಇಲ್ಲ. ಒಮ್ಮೆ ಲೈನರ್ ಹುಡುಕಿ ಸಾಕಾಗಿ ಅಮ್ಮನನ್ನು ಕೇಳಿದರೆ, "ಹೊಗೆಗೂಡಿನಲ್ಲಿ ರಬ್ಬರ್ ಶೀಟಿನ ಸಾಲಿಗೆ ಹಾಕಿದ್ದೇನೆ ಮಗ, ಅದೂ ಅದೇ ಜಾತಿಯದ್ದಲ್ಲವಾ" ಎಂದರು. ಪುಣ್ಯಕ್ಕೆ ಅಂದು ಒಲೆಗೆ ಬೆಂಕಿ ಹಾಕಿರಲಿಲ್ಲ. ಈಗ ಎರಡು ಲೈನರುಗಳಿವೆ, ಒಂದು ಹಾಕಿಕೊಳ್ಳಲು, ಒಂದು ಒಣಗಲು. ಒಂದಕ್ಕೆ ಇಪ್ಪತ್ತೈದು ಸಾವಿರದ ಮೇಲಾಗುತ್ತದೆ, ಖಾತರಿ ಆರೇ ತಿಂಗಳು. ಮೊದಲನೆಯದು ಮೊಣಚಿಪ್ಪಿನ ಕೆಳಗೆ, ಪೆಡಲ್ ತುಳಿಯುವಾಗ ಸಾಕೆಟ್ಟಿನ ಮುಂದಿನ ಅಂಚು ತಾಗುವ ಕಡೆ, ತೆಳುವಾಗಿ ಹರಿಯಿತು. ಖಾತರಿ ಅದಕ್ಕೆ ಸ್ವಲ್ಪ ಮೊದಲೇ ಮುಗಿದಿತ್ತು, ಇಂಥವು ಹಾಗೆಯೇ ಮುಗಿಯುತ್ತವೆ.

ಪಿನ್ ಲಾಕ್ ಬಗ್ಗೆ ನನಗೆ ಮಿಶ್ರ ಅಭಿಪ್ರಾಯ. ಹಾಕಿ ಎದ್ದು ನಿಂತರೆ ಟಕ್, ಟಕ್ ಎಂದು ಹಲ್ಲು ಹಲ್ಲಾಗಿ ಕೂರುತ್ತದೆ. ಎಷ್ಟು ಟಕ್ ಕೇಳಿಸಿತೆಂಬುದರ ಮೇಲೆ ಇಂದು ಸ್ಟಂಪ್ ಊದಿದೆಯೋ ಇಳಿದಿದೆಯೋ ಗೊತ್ತಾಗುತ್ತದೆ. ಇಳಿದಿದ್ದರೆ ಒಂದು ಕಾಲುಚೀಲ ಹೆಚ್ಚು ಹಾಕುವುದು. ಇಷ್ಟು ಒಳ್ಳೆಯದು. ಆದರೆ ಪೆಡಲನ್ನು ಮೇಲಕ್ಕೆ ಎಳೆಯುವಾಗ ಇಡೀ ಕಾಲಿನ ಭಾರ ಆ ಒಂದು ಪಿನ್ನಿಗೆ ಜೋತು ಬೀಳುತ್ತದೆ, ಸ್ಟಂಪಿನ ತುದಿಯ ಚರ್ಮವನ್ನು ಹಿಂಡಿ ಎಳೆದಂತಾಗುತ್ತದೆ. ನಿಮಿಷಕ್ಕೆ ಎಂಬತ್ತು ಸುತ್ತು ತುಳಿಯುವವನಿಗೆ ಇದು ಸಣ್ಣ ವಿಷಯವಲ್ಲ. ಮೇಲಾಗಿ ಮುರಕಲ್ಲಿನ ಕೆಂಪು ಧೂಳು ಮಳೆನೀರಿನೊಂದಿಗೆ ಲಾಕಿನೊಳಗೆ ಹೋಗಿ ಗುಂಡಿ ಒತ್ತಿದರೂ ಬಿಡದಂತೆ ಹಿಡಿದುಕೊಂಡದ್ದುಂಟು. ಎರಡನೆಯ ವರ್ಷ ಪಿನ್ ತೆಗೆಸಿ, ಸಾಕೆಟ್ಟಿನಿಂದ ಗಾಳಿ ಹೊರಹಾಕುವ ಕವಾಟ ಮತ್ತು ಗಾಳಿ ಮತ್ತೆ ಒಳಬಾರದಂತೆ ಸಾಕೆಟ್ಟಿನ ಮೇಲಿಂದ ತೊಡೆಯವರೆಗೆ ಬರುವ ಬಿಗಿಯಾದ ಸ್ಲೀವ್ ಹಾಕಿಸಿದೆ. ಹಿಡಿತ ಕಾಲಿನ ಸುತ್ತ ಸಮನಾಗಿ ಹಂಚಿಹೋಗುತ್ತದೆ, ತುದಿಯ ಎಳೆತ ನಿಂತಿದೆ. ಸ್ಲೀವ್ ಬೇಗ ಹರಿಯುತ್ತದೆ ಎಂಬುದು ಅದರ ದೋಷ. ಆದರೂ ಸೈಕಲ್ಲಿಗಾದರೆ ನಾನು ಇದನ್ನೇ ಹೇಳುತ್ತೇನೆ.

ಪಾದದ ವಿಷಯ ಬೇಗ ಮುಗಿಸುತ್ತೇನೆ. ಕಾರ್ಬನ್ ಪಾದ ಎಂದರೆ ಒತ್ತಿದಾಗ ಬಾಗಿ, ಬಿಟ್ಟಾಗ ಮುಂದಕ್ಕೆ ತಳ್ಳುವ ಸ್ಪ್ರಿಂಗ್. ಓಡುವವರಿಗೆ ಅದು ವರದಾನ. ಪೆಡಲ್ ತುಳಿಯುವವನಿಗೆ ಬೇಕಾದದ್ದು ಬಾಗದ, ಗಟ್ಟಿಯಾದ ಪಾದ. ಬಾಗುವ ಪಾದದಲ್ಲಿ ತೊಡೆ ಕೊಟ್ಟ ಬಲ ಚೈನಿಗೆ ತಲುಪುವ ಮೊದಲೇ ಒಂದಿಷ್ಟು ಸೋರಿಹೋಗುತ್ತದೆ. ಕೇಂದ್ರದವರು "ಸ್ಪೋರ್ಟ್ಸ್ ಪಾದ" ಎಂದು ಹೇಳಿ ಕೊಟ್ಟರು, ಯಾವ ಸ್ಪೋರ್ಟ್ಸ್ ಎಂದು ಹೇಳಲಿಲ್ಲ. ಇರುವುದರಲ್ಲಿ ಪರಿಹಾರವೆಂದರೆ ಶೂವಿನ ಕ್ಲೀಟನ್ನು (ಶೂವಿನ ಅಡಿಯಲ್ಲಿದ್ದು ಪೆಡಲಿಗೆ ಕಚ್ಚಿಕೊಳ್ಳುವ ತುಂಡನ್ನು) ಬೆರಳುಗಳ ಬುಡದಿಂದ ಹಿಂದಕ್ಕೆ ತಂದು, ಹೆಚ್ಚುಕಡಿಮೆ ಕೊಳವೆಯ ನೇರ ಕೆಳಗೆ ಕೂರಿಸುವುದು. ಹಿಮ್ಮಡಿ ಎತ್ತುವ ಮಾಂಸಖಂಡವೇ ಇಲ್ಲದವರಿಗೆ ಮುಂಗಾಲಿನಿಂದ ತುಳಿಯುವ ಹಟ ಯಾಕೆ? ಶೂವಿಗೆ ಬೇರೆ ತೂತು ಕೊರೆಯಬೇಕಾಯಿತು. ಕ್ಲೀಟ್ ಶಿಮಾನೋದ ಎಸ್‌ಎಚ್56. ಮಾಮೂಲಿ ಎಸ್‌ಎಚ್51 ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರಷ್ಟೇ ಬಿಡುತ್ತದೆ. ಕಣಕಾಲೇ ಇಲ್ಲದವನು ತಿರುಗಿಸುವುದೇನನ್ನು? 56 ಬೇರೆ ದಿಕ್ಕುಗಳಲ್ಲಿಯೂ ಬಿಟ್ಟುಕೊಡುತ್ತದೆ. ಕುಂಬಳೆಯ ಸರ್ವಿಸ್ ರಸ್ತೆಯಲ್ಲಿ ಆಟೋಗಳು ಎಲ್ಲಿಂದ ನುಗ್ಗುತ್ತವೆ ಎಂದು ಬಲ್ಲವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಸಿದ್ಧತೆ ಮೊದಲ ಪ್ಯಾರಾ ಸೈಕ್ಲಿಂಗ್ ಸ್ಪರ್ಧೆಗಾಗಿ. ಘಟ್ಟದ ಮೇಲೆ, ಒಣ ಹವೆಯ ಊರಿನಲ್ಲಿ, ಒಬ್ಬೊಬ್ಬರಾಗಿ ಬಿಡುವ ಟೈಮ್ ಟ್ರಯಲ್. ಸೈಕಲ್ ತುಳಿಯಬಲ್ಲವರನ್ನು ಸಿ1ರಿಂದ ಸಿ5ರವರೆಗೆ ವಿಂಗಡಿಸುತ್ತಾರೆ. ಅಂಕಿ ಕಡಿಮೆಯಾದಷ್ಟೂ ವೈಕಲ್ಯದ ಪರಿಣಾಮ ಹೆಚ್ಚು. ಮೊಣಕಾಲಿನ ಕೆಳಗೆ ಒಂದು ಕಾಲು ಹೋಗಿ ಕೃತಕ ಕಾಲಿನಿಂದ ತುಳಿಯುವವರು ಸಾಮಾನ್ಯವಾಗಿ ಸಿ4. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಮೊದಲ ಬಾರಿಗೆ ಸೈಕಲ್ ತುಳಿದ ಜ್ಯೋತಿ ಗಡೇರಿಯಾ ಮತ್ತು ಅರ್ಷದ್ ಶೇಖ್ ಇಬ್ಬರೂ ಸಿ2. ವರ್ಗಗಳನ್ನು ಒಟ್ಟು ಸೇರಿಸಿ ಓಡಿಸುವಾಗ ಪ್ರತಿ ವರ್ಗದ ಸಮಯವನ್ನು ಒಂದು ಗುಣಾಂಕದಿಂದ ಗುಣಿಸುತ್ತಾರೆ. ಹಾಗಾಗಿ ಗಡಿಯಾರದಲ್ಲಿ ಹಿಂದಿದ್ದವರು ಫಲಿತಾಂಶದ ಹಾಳೆಯಲ್ಲಿ ಮುಂದಿರುವುದುಂಟು. ನೋಡಲು ಬಂದಿದ್ದ ನನ್ನ ಭಾವನಿಗೆ ಇದನ್ನು ಅರ್ಥಮಾಡಿಸುವುದು ರೇಸಿಗಿಂತ ಕಷ್ಟವಾಯಿತು.

ರಾತ್ರಿ ಬಸ್ಸಿನಲ್ಲಿ ಹೋಗುವವರಿಗೆ ಒಂದು ಮಾತು. ಕಾಲು ಕಳಚಿಟ್ಟು ಕುಳಿತರೆ ಬೆಳಗಾಗುವಷ್ಟರಲ್ಲಿ ಸ್ಟಂಪ್ ಊದಿ ಸಾಕೆಟ್ಟಿನೊಳಗೆ ಇಳಿಯುವುದೇ ಇಲ್ಲ. ಬಿಗಿಯಾದ ಶ್ರಿಂಕರ್ ಚೀಲವನ್ನು ಹಾಕಿಕೊಂಡೇ ಹೋಗಿದ್ದರಿಂದ ನನ್ನದು ಸಲೀಸಾಗಿ ಇಳಿಯಿತು. ಪಕ್ಕದಲ್ಲಿದ್ದ ಒಬ್ಬ ಹುಡುಗ ಮಾತ್ರ ಗೋಡೆಗೆ ಕಾಲೆತ್ತಿ ಮಲಗಿ ತನ್ನ ಸರದಿ ಕಾಯುತ್ತಿದ್ದ. ಸ್ಟಾರ್ಟಿನಲ್ಲಿ ಒಬ್ಬರು ಸೀಟನ್ನು ಹಿಡಿದು ನಿಲ್ಲಿಸುತ್ತಾರೆ; ಬಲಗಾಲಿನ ಕ್ಲೀಟ್ ಕೂತಿತೋ ಇಲ್ಲವೋ ಪಾದಕ್ಕೆ ತಿಳಿಯುವುದಿಲ್ಲವಲ್ಲ, ಬಗ್ಗಿ ಕಣ್ಣಿನಿಂದಲೇ ನೋಡಬೇಕು. ಒಣ ಹವೆಯಲ್ಲಿ ಈ ಕಾಲು ನಡೆದುಕೊಂಡ ರೀತಿಯೇ ಬೇರೆ. ಊರಿನಲ್ಲಿ ಅರ್ಧ ಗಂಟೆಗೆ ಜಾರಲು ತೊಡಗುತ್ತಿದ್ದ ಲೈನರ್ ಅಲ್ಲಿ ಕೊನೆಯವರೆಗೂ ಅಲುಗಲಿಲ್ಲ. ಮುಗಿದ ಮೇಲೆ ಕಳಚಿ ತಲೆಕೆಳಗೆ ಮಾಡಿದರೆ ಬೆವರು ಬಿದ್ದದ್ದು ಹನಿ ಹನಿಯಾಗಿ. ಇಲ್ಲಿಯಾದರೆ ಧಾರೆಯಾಗಿ ಸುರಿಯುತ್ತಿತ್ತು. ಸಿ4ರಲ್ಲಿ ಆರು ಮಂದಿ ಇದ್ದೆವು, ನಾಲ್ಕನೆಯವನಾದೆ. ಮೊದಲ ಮೂವರಲ್ಲಿ ಇಬ್ಬರ ಕಾಲಿಗೆ ಪಾದವೇ ಇರಲಿಲ್ಲ, ಕೊಳವೆಯ ತುದಿಗೆ ನೇರವಾಗಿ ಕ್ಲೀಟ್ ಬಿಗಿದಿದ್ದರು.

ಇನ್ನು ಸೇವೆ. ಕೆಲಸ ಬಲ್ಲ ತಂತ್ರಜ್ಞರು ಸಿಕ್ಕಿದಾಗ ಉತ್ತಮ, ಆದರೆ ಅವರು ನಿಲ್ಲುವುದಿಲ್ಲ. ಹೊಸಬರು ಬಂದಾಗಲೆಲ್ಲ ಕಥೆಯನ್ನು ಮೊದಲಿನಿಂದ ಹೇಳಬೇಕು. ಎರಡನೆಯ ಲೈನರ್ ಒಂದು ಅಳತೆ ದೊಡ್ಡದು ಬಂತು. ಬದಲಾಯಿಸಿಕೊಡಲು ತಿಂಗಳು ದಾಟಿಸಿದರು, ಕೇಳಿದರೆ "ನಿಮ್ಮ ಕಾಲು ಸಣ್ಣದಾಗಿದೆ" ಎಂಬ ಉತ್ತರ. ಲೈನರಿನ ಅಳತೆ ತೆಗೆಯುವುದು ಸ್ಟಂಪಿನ ತುದಿಯಿಂದ ನಾಲ್ಕು ಸೆಂ.ಮೀ. ಮೇಲಿನ ಸುತ್ತಳತೆಯಿಂದ. ನೀವೇ ಟೇಪ್ ಹಿಡಿದು ಬರೆದಿಟ್ಟುಕೊಳ್ಳಿ, ಬಿಲ್ಲಿನ ಮೇಲೂ ಬರೆಸಿ.

ಸಾಕೆಟ್ಟಿಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಸ್ಲೀವಿಗೆ ನಾಲ್ಕು, ಲೈನರಿಗೆ ನಮ್ಮ ಹವೆಯಲ್ಲಿ ಮೂರು, ಸೇವೆಗೆ ಎರಡು. ಪಾದಕ್ಕೆ ಅಂಕ ಕೊಡುವುದಿಲ್ಲ, ಅದು ಈಗ ಮದುವೆ-ಮುಂಜಿಗಳಿಗೆ ಹೋಗುವಾಗ ಉಪಯೋಗಕ್ಕೆ ಬರುತ್ತಿದೆ. ಮುಂದಿನ ಸ್ಪರ್ಧೆಗೆ ಕೊಳವೆಯ ತುದಿಗೆ ಕ್ಲೀಟ್ ಕೂರಿಸುವ ಒಂದು ತಟ್ಟೆಯನ್ನು ಅದೇ ಲೇತ್ ಅಂಗಡಿಗೆ ಹೇಳಿದ್ದೇನೆ. ಮಳೆ ಬಿಡುವಷ್ಟರಲ್ಲಿ ಕೊಡುತ್ತೇನೆ ಎಂದಿದ್ದಾರೆ, ಮುಂಗಡ ಐನೂರು.